ನಾಲೆಯ ನೀರು ಬಂದ ಊರು, ಬಾರದ ಊರು

ಒಂದು ಹಳ್ಳಿ ಬದಲಾದುದಕ್ಕೆ ಕಾರಣವೇನೆಂದು ಕೇಳಿದರೆ ನೀರಾವರಿ, ರಸ್ತೆ, ಶಾಲೆ, ಚುನಾವಣೆ ಎಂದು ಹತ್ತು ಉತ್ತರಗಳು ಬರುತ್ತವೆ. ಇವೆಲ್ಲ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಊರು ಹೊಕ್ಕಿರುವುದರಿಂದ ಯಾವುದರಿಂದ ಯಾವುದಾಯಿತೆಂದು ಬಿಡಿಸುವುದು ಕಷ್ಟ. ಊರನ್ನು ಪ್ರಯೋಗಾಲಯಕ್ಕೆ ಒಯ್ಯಲಾಗದ ಕಾರಣ ಹೋಲಿಕೆಯೇ ಸಮಾಜಶಾಸ್ತ್ರದ ಪ್ರಯೋಗವೆಂದು ಫ್ರಾನ್ಸಿನ ಎಮಿಲ್ ಡರ್ಕೈಮ್ 1895ರಲ್ಲಿ ವಾದಿಸಿದರು. ಮುಂದಿನ ಅರ್ಧ ಶತಮಾನದಲ್ಲಿ ಸಮೀಕ್ಷೆ, ಪ್ರಶ್ನಾವಳಿಗಳು ಬೆಳೆದವು, 1948ರಲ್ಲಿ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ನಡೆಸಿದರು.

ಕಾರ್ಯಕಾರಣದ ಪ್ರಶ್ನೆಗೆ ಅಪರೂಪದ ಅವಕಾಶ ಒದಗಿದ್ದು ಮಂಡ್ಯದ ಬಯಲಿನಲ್ಲಿ. ಕೃಷ್ಣರಾಜಸಾಗರದ ನಾಲೆ ಬಂದ ಮೇಲೆ ಅಲ್ಲಿನ ಒಂದು ಊರಿನ ಹೊಲಗಳು ಗದ್ದೆಗಳಾದವು. ಇನ್ನೊಂದು ಊರಿನ ಜಮೀನು ನಾಲೆಗಿಂತ ಎತ್ತರದಲ್ಲಿದ್ದು ಖುಷ್ಕಿಯಾಗಿಯೇ ಉಳಿಯಿತು. ಅರ್ಥಶಾಸ್ತ್ರ ಓದಿ ಮಾನವಶಾಸ್ತ್ರಕ್ಕೆ ಬಂದಿದ್ದ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಈ ಎರಡನ್ನೂ ಅಧ್ಯಯನ ಮಾಡಿ, ವಂಗಲ ಮತ್ತು ದಾಲೇನ ಎಂಬ ಮರೆಹೆಸರುಗಳಲ್ಲಿ 1962ರಲ್ಲಿ ಬರೆದರು. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಆದರೆ ವಂಗಲದಲ್ಲಿ ಕಬ್ಬಿನ ಹಣ ಬಂದರೂ ಬದುಕು ಬೇಸಾಯದ ಸುತ್ತಲೇ ಉಳಿಯಿತು. ಒಕ್ಕಲು ಮನೆಗಳಿಗೂ ಅವುಗಳ ಹಳೇಮಕ್ಕಳಿಗೂ, ಎಂದರೆ ವಂಶಪಾರಂಪರ್ಯವಾಗಿ ಆ ಮನೆಗಳಿಗೆ ದುಡಿಯುತ್ತಿದ್ದ ದಲಿತ ಕುಟುಂಬಗಳಿಗೂ, ಇದ್ದ ತಲೆಮಾರುಗಳ ಕಟ್ಟು ಸಡಿಲವಾಗಲಿಲ್ಲ. ನೀರು ಸಿಗದ ದಾಲೇನದವರು ಮಂಡ್ಯದಲ್ಲಿ ಕೆಲಸ ಹಿಡಿದರು, ಹಿಟ್ಟಿನ ಗಿರಣಿ ಹಾಕಿದರು, ಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು. ಆ ಹಳೆಯ ಕಟ್ಟು ಹರಿದದ್ದು ಅಲ್ಲಿ. ನೀರಾವರಿಯ ಊರನ್ನು ಮಾತ್ರ ನೋಡಿ ಬಂದಿದ್ದರೆ ಇದು ಕಾಣುತ್ತಲೇ ಇರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು.

ಎರಡೇ ಊರುಗಳ ಹೋಲಿಕೆಗೆ ಮಿತಿಯೂ ಇದೆ. ನೀರೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಎರಡು ಊರುಗಳು ಸಮವಾಗಿರುವುದಿಲ್ಲ; ಜಾತಿಗಳ ಪ್ರಮಾಣ, ಮುಖಂಡರ ಸ್ವಭಾವ, ಪೇಟೆಯ ದೂರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇದಕ್ಕೆ ಪರಿಹಾರವಾಗಿ ಈಚಿನ ದಶಕಗಳಲ್ಲಿ ಚೀಟಿ ಎತ್ತಿದಂತೆ ಊರುಗಳನ್ನು ಆರಿಸಿ ಯೋಜನೆಗಳನ್ನು ಪರೀಕ್ಷಿಸುವ ಕ್ರಮ ಬಲಗೊಂಡಿತು, 2019ರಲ್ಲಿ ಅದಕ್ಕೆ ಅರ್ಥಶಾಸ್ತ್ರದ ನೊಬೆಲ್ ಕೂಡ ಸಂದಿತು. ಆದರೆ ಶಾಲೆಯ ಪುಸ್ತಕವನ್ನು ಹಂಚಿದಂತೆ ನಾಲೆಯನ್ನು ಚೀಟಿ ಎತ್ತಿ ಹಂಚಲಾಗದು, ಹಳೇಮಕ್ಕಳ ಕಟ್ಟನ್ನಂತೂ ಹಂಚಲು ಸಾಧ್ಯವೇ ಇಲ್ಲ. ಅಂಥ ಪ್ರಶ್ನೆಗಳಿಗೆ ಊರಿನಲ್ಲಿ ಉಳಿದು ನೋಡುವುದೂ, ವರ್ಷಗಳ ಮೇಲೆ ಮತ್ತೆ ಹೋಗುವುದೂ ಅನಿವಾರ್ಯ. ಎಪ್‌ಸ್ಟೈನ್ 1970ರಲ್ಲಿ ಅದೇ ಎರಡು ಊರುಗಳಿಗೆ ಮರಳಿದರು. ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಹಿಗ್ಗಿದ್ದನ್ನು 1973ರ ತಮ್ಮ ಎರಡನೆಯ ಬರಹದಲ್ಲಿ ದಾಖಲಿಸಿದರು.