ಪ್ರಿಂಟರ್ ಕೆಟ್ಟರೆ ಗಲ್ಲಾಪೆಟ್ಟಿಗೆ ಯಾಕೆ ತೆರೆಯಲ್ಲ?

ಮಲ್ಲೇಶ್ವರದಲ್ಲಿ ನಾನು ದಿನಸಿ ತರುವ ಅಂಗಡಿಯಲ್ಲಿ ಮೊನ್ನೆ ಬಿಲ್ ಪ್ರಿಂಟರಿನ ಅಡಾಪ್ಟರ್ ಸುಟ್ಟುಹೋಗಿತ್ತು. ಹೋಗಲಿ, ಚೀಟಿಯಲ್ಲಿ ಬರೆದುಕೊಡೋಣ ಅಂದರೆ ಗಲ್ಲಾಪೆಟ್ಟಿಗೆಯೂ ತೆರೆಯುತ್ತಿಲ್ಲ. 'ಇದಕ್ಕೂ ಅದಕ್ಕೂ ಏನ್ ಸಂಬಂಧ ಸಾರ್?' ಅಂತ ಅಂಗಡಿಯವರು ಕೀ ಹುಡುಕತೊಡಗಿದರು.

ಸಂಬಂಧ ಇದೆ. ಎಷ್ಟೋ ಅಂಗಡಿಗಳಲ್ಲಿ ಪೆಟ್ಟಿಗೆಯ ವೈರು ಕಂಪ್ಯೂಟರಿಗೆ ಹೋಗುವುದಿಲ್ಲ, ಪ್ರಿಂಟರಿನ ಹಿಂದೆ ಟೆಲಿಫೋನ್ ಪಿನ್ನಿನಂಥದ್ದೊಂದು ಕಿಂಡಿ ಇರುತ್ತಲ್ಲ, ಅಲ್ಲಿಗೆ ಹೋಗುತ್ತದೆ. ಬಿಲ್ ಬರುವಾಗ ಪ್ರಿಂಟರ್ ಕ್ಷಣಮಾತ್ರ, ಸಾಮಾನ್ಯವಾಗಿ 24 ವೋಲ್ಟ್, ಬಿಡುತ್ತದೆ, ಪೆಟ್ಟಿಗೆಯೊಳಗಿನ ತಂತಿ ಸುರುಳಿ ಅಯಸ್ಕಾಂತವಾಗಿ ಚಿಲಕ ಎಳೆಯುತ್ತದೆ, ಟಣ್ ಅಂತ ಪೆಟ್ಟಿಗೆ ಹೊರಗೆ.

ಹೀಗೆ ಬಿಲ್ ಹಾಕಿ ಹಣ ಪಡೆಯುವ ಇಡೀ ಸಲಕರಣೆಗೆ ಪಿಒಎಸ್ ಟರ್ಮಿನಲ್ ಅಂತಾರೆ. ಅದನ್ನು ಮಾಡ್ಯುಲರ್, ಅಂದರೆ ಬಿಡಿ ಭಾಗಗಳದ್ದಾಗಿ, ಮಾಡುವುದೆಂದರೆ ಸುಮ್ನೆ ತುಂಡು ತುಂಡು ಮಾಡಿ ಜೋಡಿಸುವುದಲ್ಲ. ಒಂದು ಕೆಟ್ಟರೆ ಅದರ ಜೊತೆ ಇನ್ಯಾವುದು ನಿಲ್ಲಬಹುದು, ಯಾವುದು ನಿಲ್ಲಬಾರದು ಅಂತ ಮೊದಲೇ ತೀರ್ಮಾನಿಸುವುದು.

ಬಾರ್‌ಕೋಡ್ ಓದುವ ಸ್ಕ್ಯಾನರ್ ಈ ವಿಷಯದಲ್ಲಿ ಬಲು ಜಾಣ. ಕಂಪ್ಯೂಟರಿನ ಲೆಕ್ಕದಲ್ಲಿ ಅದೊಂದು ಕೀಬೋರ್ಡ್ ಅಷ್ಟೇ! ಬಿಸ್ಕತ್ ಪ್ಯಾಕೆಟ್ ತೋರಿಸಿದರೆ 890ರಿಂದ ಶುರುವಾಗುವ 13 ಅಂಕಿಗಳನ್ನು ತಾನೇ ಟೈಪ್ ಮಾಡಿ ಎಂಟರ್ ಒತ್ತುತ್ತದೆ. ಹಾಗಾಗಿ ಇದು ಹೋದರೆ ಬೇರೆ ಕಂಪನಿಯದು ತಂದು ಚುಚ್ಚಿದರೂ ನಡೆಯುತ್ತದೆ.

ಪ್ರಿಂಟರ್ ಹಾಗಲ್ಲ, ಅದು ಸವೆಯುವ ವಸ್ತು. ಇಂಕ್ ಇಲ್ಲ, ಶಾಖ ತಗುಲಿದರೆ ಕಪ್ಪಾಗುವ ಕಾಗದ ದಿನವಿಡೀ ಬಿಸಿ ಹೆಡ್ಡಿಗೆ ಉಜ್ಜಿಕೊಂಡೇ ಓಡುತ್ತದೆ. 58 ಮಿಲಿಮೀಟರ್ ರೋಲಿನಲ್ಲಿ ಅಚ್ಚಾಗುವುದು 48 ಮಿಲಿಮೀಟರ್, ಮಿಲಿಮೀಟರಿಗೆ 8 ಚುಕ್ಕಿಯಂತೆ ಸಾಲಿಗೆ 384 ಚುಕ್ಕಿ. ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳು ಪ್ರಿಂಟರಿನೊಳಗೇ ಇರುತ್ತವೆ, ನಮ್ಮ ಒತ್ತಕ್ಷರಗಳು ಇರುವುದಿಲ್ಲ. 'ಅಕ್ಕಿ' ಅಂತ ಕನ್ನಡದಲ್ಲಿ ಬರಬೇಕೆಂದರೆ ಅದನ್ನು ಚಿತ್ರ ಮಾಡಿ ಚುಕ್ಕಿ ಚುಕ್ಕಿಯಾಗಿ ಕಳಿಸಬೇಕು. ಕನ್ನಡ ಬಿಲ್ ಆಗಲ್ಲ ಅನ್ನುವವರು ಇಷ್ಟು ಮಾಡಲು ಸೋಮಾರಿಗಳು ಅನ್ನುವುದು ನನ್ನ ಅನುಮಾನ.

ಇನ್ನು ಕಾರ್ಡ್ ಪಿನ್ ಒತ್ತುವ ಭಾಗ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಎಂಥ ಬೋರ್ಡನ್ನಾದರೂ ಬಿಚ್ಚಿ ನೋಡುವವರಿದ್ದಾರೆ, ಆದರೆ ಇದನ್ನು ಮುಟ್ಟುವಂತಿಲ್ಲ. ಒಳಗೊಂದು ಪುಟ್ಟ ಬ್ಯಾಟರಿ, ಕರೆಂಟ್ ಇಲ್ಲದಾಗಲೂ ಕಾವಲು ಕಾಯುತ್ತಿರುತ್ತದೆ. ಕವಚ ತೆರೆದರೆ ಸಾಕು, ಪಿನ್ನನ್ನು ಗುಪ್ತಲಿಪಿಗೆ ತಿರುಗಿಸುವ ರಹಸ್ಯ ಸಂಖ್ಯೆಗಳು ಅಳಿಸಿಹೋಗಿ ಮೆಷಿನ್ ಸತ್ತಂತೆ. ಅದಕ್ಕೇ ಬುದ್ಧಿವಂತ ವಿನ್ಯಾಸದಲ್ಲಿ ಇದೊಂದು ಭಾಗ ಸೀಲ್ ಆಗಿ ಬೇರೆಯೇ ಕೂತಿರುತ್ತದೆ, ಪ್ರಿಂಟರ್ ರಿಪೇರಿ ಮಾಡುವ ಕೈ ಅಲ್ಲಿಗೆ ಹೋಗಲೇಬಾರದು.

ಅಷ್ಟರಲ್ಲಿ ಅಂಗಡಿ ಹುಡುಗ ಪೆಟ್ಟಿಗೆಯ ಅಡಿಗೆ ಕೈಹಾಕಿ ಯಾವುದೋ ಸಣ್ಣ ಲಿವರ್ ತಳ್ಳಿದ, ತೆರೆಯಿತು. ಕೀ ಒಳಗೇ ಇತ್ತು.