ಆ್ಯಪ್‌ಗೂ ಡೇಟಾಬೇಸ್‌ಗೂ ನಡುವೆ ಎಪಿಐ ಯಾಕೆ?

ಆಂಡ್ರಾಯ್ಡ್ ಕಲಿಯಲು ಶುರುಮಾಡಿದವರಿಗೆ ಮೊದಲು ಹೊಳೆಯುವುದು ಸುಲಭದ ದಾರಿ. ಸರ್ವರ್‌ನ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲವನ್ನೂ ಕೋಡ್‌ನಲ್ಲೇ ಬರೆದು, ಆ್ಯಪ್‌ನಿಂದ ನೇರವಾಗಿ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಕನೆಕ್ಟ್ ಮಾಡಿಬಿಡುವುದು. ಜಾವಾ ಕೋಡನ್ನು ಡೇಟಾಬೇಸ್‌ಗೆ ಜೋಡಿಸುವ ಜೆಡಿಬಿಸಿ ಡ್ರೈವರ್ ಸೇರಿಸಿದರೆ ಕೆಲವೊಮ್ಮೆ ಕೆಲಸವೂ ಆಗುತ್ತದೆ. ಆದರೂ ಬೇಡ.

ಎಪಿಕೆ, ಅಂದರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್, ಒಂದು ಜಿಪ್ ಫೈಲ್ ಅಷ್ಟೇ. ಕೋಡನ್ನು ಬಿಡಿಸಿ ತೋರಿಸುವ ಡಿಕಂಪೈಲರ್‌ಗೆ ಹಾಕಿದರೆ ಪಾಸ್‌ವರ್ಡ್ ಕಣ್ಣಿಗೆ ಬೀಳುತ್ತದೆ. ಕೋಡನ್ನು ಗೋಜಲು ಮಾಡುವ ಪ್ರೊಗಾರ್ಡ್ ಹಾಕಿದ್ದೀನಲ್ಲ ಅನ್ನಬಹುದು. ಅದು ಕ್ಲಾಸ್, ಫಂಕ್ಷನ್‌ಗಳ ಹೆಸರು ಬದಲಿಸುತ್ತದೆ, ಪಾಸ್‌ವರ್ಡ್‌ನಂಥ ಸ್ಟ್ರಿಂಗ್‌ಗಳನ್ನು ಹಾಗೇ ಬಿಡುತ್ತದೆ. ಸಾಲದ್ದಕ್ಕೆ, ಫೋನ್‌ಗಳ ಐಪಿ ಬದಲಾಗುತ್ತಲೇ ಇರುವುದರಿಂದ ಮೈಎಸ್‌ಕ್ಯೂಎಲ್‌ನ 3306 ಪೋರ್ಟನ್ನು ಇಡೀ ಇಂಟರ್ನೆಟ್‌ಗೆ ತೆರೆದಿಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಒಂದೇ ಸಲಕ್ಕೆ ತೆರೆಯಬಹುದಾದ ಕನೆಕ್ಷನ್‌ಗಳ ಡೀಫಾಲ್ಟ್ ಮಿತಿಯೂ ಬರೀ 151.

ಹಾಗಾಗಿ ನಡುವೆ ಎಪಿಐ, ಅಂದರೆ ಆ್ಯಪ್‌ನ ಕೋರಿಕೆ ತಗೊಂಡು ಡೇಟಾಬೇಸ್ ಜೊತೆ ಮಾತಾಡುವ ಸರ್ವರ್ ಕೋಡ್. ಒಂದು ಲೈಬ್ರರಿ ಆ್ಯಪ್‌ನಲ್ಲಿ ಯಾರೋ ಪುಸ್ತಕ ಹುಡುಕುತ್ತಾರೆ ಅಂದುಕೊಳ್ಳಿ. ಆ್ಯಪ್ ಒಂದು ಎಚ್‌ಟಿಟಿಪಿಎಸ್ ರಿಕ್ವೆಸ್ಟ್ ಕಳಿಸುತ್ತದೆ. ಸರ್ವರ್‌ನಲ್ಲಿರುವ ಪಿಎಚ್‌ಪಿ ಅಥವಾ ನೋಡ್ ಕೋಡ್ ಮೊದಲು ಟೋಕನ್ (ಲಾಗಿನ್ ಆದವರ ಗುರುತು) ನೋಡುತ್ತದೆ, ಸರಿಯಿಲ್ಲದಿದ್ದರೆ 401 ಎರರ್ ಕೊಟ್ಟು ವಾಪಸ್ ಕಳಿಸುತ್ತದೆ. ಸರಿಯಿದ್ದರೆ ಹುಡುಕಿದ ಪದವನ್ನು ಕ್ವೆರಿಯನ್ನೂ ಪದವನ್ನೂ ಬೇರೆಬೇರೆಯಾಗಿ ಇಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗೆ ಕೊಡುತ್ತದೆ. ಆ ಪದವನ್ನು ಸುಮ್ನೆ ಕ್ವೆರಿಗೆ ಅಂಟಿಸಿದರೆ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ, ಅಂದರೆ ಹೊರಗಿನವರ ಕಮಾಂಡ್ ನುಸುಳುವುದಕ್ಕೆ, ಬಾಗಿಲು ತೆರೆದ ಹಾಗೆ. ಸಿಕ್ಕ ಸಾಲುಗಳು ಜೆಸನ್ ಎಂಬ ಪಠ್ಯರೂಪದಲ್ಲಿ ಫೋನ್‌ಗೆ ಬರುತ್ತವೆ. ಡೇಟಾಬೇಸ್‌ನ ಪಾಸ್‌ವರ್ಡ್ ಸರ್ವರ್ ಬಿಟ್ಟು ಆಚೆ ಬರುವುದೇ ಇಲ್ಲ.

ಟೆಸ್ಟ್ ಮಾಡುವಾಗ ಜಾಸ್ತಿ ತಲೆ ತಿನ್ನುವುದು ಲೋಕಲ್‌ಹೋಸ್ಟ್. ಎಮ್ಯುಲೇಟರ್‌ನಲ್ಲಿ (ಲ್ಯಾಪ್‌ಟಾಪ್‌ನಲ್ಲೇ ಓಡುವ ನಕಲಿ ಫೋನ್) ಲೋಕಲ್‌ಹೋಸ್ಟ್ ಅಂದರೆ ಎಮ್ಯುಲೇಟರೇ, ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಲ್ಯಾಪ್‌ಟಾಪ್ ತಲುಪಲು 10.0.2.2 ಬಳಸಿ. ನಿಜವಾದ ಫೋನ್ ಆದರೆ ಎರಡೂ ಒಂದೇ ವೈಫೈನಲ್ಲಿರಲಿ, ಲ್ಯಾಪ್‌ಟಾಪ್‌ನ ಲೋಕಲ್ ಐಪಿ ಕೊಡಿ. ಆಂಡ್ರಾಯ್ಡ್ 9ರಿಂದ ಬರೀ ಎಚ್‌ಟಿಟಿಪಿಯನ್ನು ಡೀಫಾಲ್ಟ್ ಆಗಿ ತಡೆಯುತ್ತಾರೆ, ಅದೂ ನೆನಪಿರಲಿ. ಮ್ಯಾನಿಫೆಸ್ಟ್‌ನಲ್ಲಿ ಇಂಟರ್ನೆಟ್ ಪರ್ಮಿಷನ್ ಬೇಕು, ನೆಟ್‌ವರ್ಕ್ ಕೆಲಸ ಸ್ಕ್ರೀನ್ ನಡೆಸುವ ಮೇನ್ ಥ್ರೆಡ್‌ನಲ್ಲಿ ಬೇಡ. ಇವು ಎಲ್ಲ ಪಾಠದಲ್ಲೂ ಇರುತ್ತವೆ, ಅಲ್ವಾ?

ಕನ್ನಡದ ಡೇಟಾ ಇದ್ದರೆ ಇನ್ನೊಂದು ಕಾಟ. ಪುಸ್ತಕದ ಹೆಸರಿದ್ದ ಕಡೆ ಬರೀ ???? ಕಂಡರೆ ಎರಡು ಜಾಗ ನೋಡಿ. ಟೇಬಲ್ ಕನ್ನಡ ಹಿಡಿಸುವ ಯುಟಿಎಫ್8ಎಂಬಿ4 ಆಗಿದ್ದು, ಓದುವ ಕನೆಕ್ಷನ್ ಮಾತ್ರ ಕನ್ನಡ ಹಿಡಿಸದ ಲ್ಯಾಟಿನ್1 ಆಗಿದ್ದರೆ, ಒಳಗಿನ ಡೇಟಾ ಸರಿಯಾಗೇ ಇರುತ್ತದೆ. ಕನೆಕ್ಷನ್‌ನ ಕ್ಯಾರೆಕ್ಟರ್ ಸೆಟ್ ಬದಲಿಸಿದರೆ ಸಾಕು. ಟೇಬಲ್ಲೇ ಲ್ಯಾಟಿನ್1 ಆಗಿ, ಪ್ರಶ್ನೆ ಚಿಹ್ನೆಗಳೇ ಸೇವ್ ಆಗಿದ್ದರೆ ಆ ಹೆಸರುಗಳು ವಾಪಸ್ ಬರುವುದಿಲ್ಲ. ಟೇಬಲ್ ಬದಲಿಸಿ, ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕು.