ಸಮತಟ್ಟು ರಸ್ತೆ ಇಲ್ಲದ ಊರಿಗೆ ಎರ್ಗ್ ಮೋಡ್

ಕೊಡಗಿನಲ್ಲಿ ಸೈಕಲ್ ತುಳಿಯುವವರಿಗೆ ಸುಲಭದ ದಿನ ಅಂತ ಒಂದಿಲ್ಲ. ತರಬೇತಿಯ ಪಟ್ಟಿಯಲ್ಲಿ "ಒಂದು ಗಂಟೆ, ಹಗುರ" ಅಂತ ಬರೆದಿರುತ್ತದೆ. ಆದರೆ ಮಡಿಕೇರಿಯಿಂದ ಕುಶಾಲನಗರದ ಕಡೆಗಾಗಲಿ ಸಂಪಾಜೆ ಕಡೆಗಾಗಲಿ ಹೊರಟರೆ ಹೋಗುವಾಗ ಇಳಿಜಾರು, ಬರುವಾಗ ಏರು, ಹಗುರವಾಗಿ ತುಳಿಯಲು ಜಾಗವೇ ಇಲ್ಲ. ಗೋಣಿಕೊಪ್ಪಲು, ಪೊನ್ನಂಪೇಟೆ ಕಡೆ ಸ್ವಲ್ಪ ವಾಸಿ. ಗದ್ದೆ ಬಯಲಿನ ಪಕ್ಕ ಒಂದಿಷ್ಟು ದೂರ ಸಪಾಟಾಗಿ ಸಿಗುತ್ತದೆ, ಅಷ್ಟರಲ್ಲಿ ಮತ್ತೆ ಕಾಫಿ ತೋಟದ ಏರು ಶುರು.

ಒಂದು ಲೆಕ್ಕ ಹಾಕಿ ನೋಡೋಣ. ಭಾಗಮಂಡಲದಿಂದ ತಲಕಾವೇರಿಗೆ ಸುಮಾರು 8 ಕಿಲೋಮೀಟರ್. ಎತ್ತರದ ವ್ಯತ್ಯಾಸ 400 ಮೀಟರ್ ಹತ್ತಿರ. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ಅಂತಿಟ್ಟುಕೊಳ್ಳಿ. ಅಷ್ಟು ತೂಕವನ್ನು ಅಷ್ಟು ಮೇಲಕ್ಕೆ ಎತ್ತಲು ಸುಮಾರು 3,14,000 ಜೂಲ್ ಬೇಕು. ಅರ್ಧ ಗಂಟೆಯಲ್ಲಿ ಹತ್ತಿದರೆ ಸೆಕೆಂಡಿಗೆ 174 ಜೂಲ್, ಅಂದರೆ 174 ವಾಟ್. ಗಾಳಿ ಮತ್ತು ಟೈರಿನ ತಿಕ್ಕಾಟ ಸೇರಿದರೆ 210 ದಾಟುತ್ತದೆ. ನಿಧಾನ ಹೋದರಾಯ್ತು ಅಲ್ವಾ ಅಂತ ಕೇಳಬಹುದು. ನೂರಕ್ಕೆ ಹತ್ತರ ಏರು ಎದುರಾದರೆ ಗಂಟೆಗೆ 8 ಕಿಲೋಮೀಟರಿನ ವೇಗಕ್ಕೂ ಸುಮಾರು 180 ವಾಟ್ ಬೇಕು, ಅದಕ್ಕಿಂತ ನಿಧಾನ ಮಾಡಿದರೆ ಸೈಕಲ್ ಓಲಾಡುತ್ತದೆ. ಇಳಿಯುವಾಗ ಸೈಕಲಿನ ವಾಟ್ ಅಳೆಯುವ ಮೀಟರು ಸೊನ್ನೆ ತೋರಿಸುತ್ತದೆ. ಮನೆಗೆ ಬಂದು ನೋಡಿದರೆ ಸರಾಸರಿ 120 ವಾಟ್, ನೋಡಲಿಕ್ಕೆ ಹಗುರವೇ. ಆದರೆ ಕಾಲಿಗೂ ಹೃದಯಕ್ಕೂ ಆ 120 ಸಿಕ್ಕೇ ಇಲ್ಲ. ಸಿಕ್ಕಿದ್ದು 220 ಮತ್ತು ಸೊನ್ನೆ.

ಸೈಕಲನ್ನು ಮನೆಯೊಳಗೇ ನಿಲ್ಲಿಸಿ ತುಳಿಯಲು ಬಿಡುವ, ಆ್ಯಪ್ ಹೇಳಿದಂತೆ ಕೇಳುವ ಯಂತ್ರಕ್ಕೆ ಸ್ಮಾರ್ಟ್ ಟ್ರೈನರ್ ಅನ್ನುತ್ತಾರೆ. ಅದು ವಾಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ವಿಧಾನವೇ ಎರ್ಗ್ ಮೋಡ್. ಅದಕ್ಕೇ ನನ್ನ ಅಭಿಪ್ರಾಯದಲ್ಲಿ ಈ ಎರ್ಗ್ ಮೋಡ್ ಕೊಡಗಿನವರಿಗೆ ಮಳೆಗಾಲದ ಬದಲಿ ವ್ಯವಸ್ಥೆ ಮಾತ್ರ ಅಲ್ಲ. ಇಲ್ಲಿನ ರಸ್ತೆ ಯಾವತ್ತೂ ಕೊಡದ ಒಂದು ವಸ್ತುವನ್ನು ಅದು ಕೊಡುತ್ತದೆ. ಏರಿಳಿತ ಇಲ್ಲದ, ಒಂದೇ ಮಟ್ಟದ ಕೆಲಸ.

ಮಳೆಗಾಲದ ಕಾರಣವೂ ಸಣ್ಣದಲ್ಲ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು, ಜಾರುವ ತಿರುವು, ರಸ್ತೆಗೆ ಬಿದ್ದ ಮರ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದದ್ದನ್ನು ನೋಡಿದವರು ಆ ತಿಂಗಳಲ್ಲಿ ಘಾಟಿಗೆ ಸೈಕಲ್ ತೆಗೆದುಕೊಂಡು ಹೋಗುವ ಮಾತಾಡುವುದಿಲ್ಲ. ದಕ್ಷಿಣ ಕೊಡಗಿನಲ್ಲಾದರೆ ಬೆಳಗಿನ ಜಾವ ಆನೆಯ ಭಯ ಬೇರೆ. ಹಾಗಾಗಿ ಸೈಕಲ್ ಮನೆಯೊಳಗೆ ಬರುತ್ತದೆ.

ಈಗ ಯಂತ್ರದ ಒಳಗೆ ಏನಿದೆ ನೋಡೋಣ. ಹಿಂದಿನ ಚಕ್ರ ಬಿಚ್ಚಿ ಚೈನನ್ನು ನೇರವಾಗಿ ಟ್ರೈನರಿಗೆ ಹಾಕುತ್ತೇವೆ. ನಾವು ತುಳಿದದ್ದು ಬೆಲ್ಟಿನ ಮೂಲಕ ಫ್ಲೈವೀಲ್ ಅನ್ನುವ ಒಂದು ಭಾರದ ಚಕ್ರವನ್ನು ತಿರುಗಿಸುತ್ತದೆ. ಬಹಳಷ್ಟು ಟ್ರೈನರುಗಳಲ್ಲಿ ಅದರ ಲೋಹಕ್ಕೆ ತಾಗದ ಹಾಗೆ ವಿದ್ಯುತ್ ಕಾಂತಗಳು ಕೂತಿರುತ್ತವೆ. ಲೋಹ ಕಾಂತದ ಎದುರು ಓಡಿದಾಗ ಲೋಹದ ಒಳಗೇ ಸಣ್ಣ ಸಣ್ಣ ವಿದ್ಯುತ್ ಸುಳಿಗಳು ಹುಟ್ಟುತ್ತವೆ, ಎಡ್ಡಿ ಕರೆಂಟ್ ಅನ್ನುವುದು ಇವನ್ನೇ. ಆ ಸುಳಿಗಳು ತಮ್ಮನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತವೆ. ಇದು 1834ರಲ್ಲಿ ಲೆಂಜ್ ಹೇಳಿದ ನಿಯಮ. ಬ್ರೇಕ್ ಪ್ಯಾಡ್ ಇಲ್ಲ, ಸವೆತ ಇಲ್ಲ, ಶಬ್ದವೂ ಕಡಿಮೆ. ಕಾಂತಕ್ಕೆ ಕರೆಂಟ್ ಜಾಸ್ತಿ ಕೊಟ್ಟರೆ ತಡೆ ಜಾಸ್ತಿ, ಕಡಿಮೆ ಕೊಟ್ಟರೆ ಕಡಿಮೆ. ನಾವು ಬೆವರು ಸುರಿಸಿ ಮಾಡಿದ ಅಷ್ಟೂ ಕೆಲಸ ಕೊನೆಗೆ ಆ ಲೋಹದಲ್ಲಿ ಶಾಖವಾಗಿ ಹೋಗುತ್ತದೆ.

ಇದು ಹೊಸ ಯೋಚನೆಯೇನೂ ಅಲ್ಲ. ಡೆನ್ಮಾರ್ಕಿನ ಶರೀರಶಾಸ್ತ್ರಜ್ಞ ಆಗಸ್ಟ್ ಕ್ರೋಗ್ 1913ರಲ್ಲೇ ವಿದ್ಯುತ್ ಕಾಂತದ ಬ್ರೇಕ್ ಇರುವ ಸೈಕಲ್ ಎರ್ಗೋಮೀಟರ್ (ಕೆಲಸ ಅಳೆಯುವ ಸೈಕಲ್) ಕಟ್ಟಿದ್ದರು. ಸ್ನಾಯು ಕೆಲಸ ಮಾಡುವಾಗ ಉಸಿರಾಟದಲ್ಲಿ ಏನಾಗುತ್ತದೆ ಅಂತ ಅಳೆಯಬೇಕಾದರೆ ಆ ಕೆಲಸ ಎಷ್ಟು ಅನ್ನುವುದು ಖಚಿತವಾಗಿರಬೇಕಲ್ಲ, ಅದಕ್ಕೆ. ಮುಂದೆ 1920ರಲ್ಲಿ ಅವರಿಗೆ ನೊಬೆಲ್ ಬಂತು, ಸ್ನಾಯುವಿನ ಲೋಮನಾಳಗಳ ಬಗೆಗಿನ ಸಂಶೋಧನೆಗೆ. ಪ್ರಯೋಗಾಲಯದ ಆ ಉಪಕರಣದ ವಂಶದ್ದೇ ಇವತ್ತು ನಮ್ಮ ಪಡಸಾಲೆಯ ಮೂಲೆಯಲ್ಲಿ ನಿಂತಿರುವುದು.

ಎರ್ಗ್ ಮೋಡಿನಲ್ಲಿ ಆಗುವುದು ಇಷ್ಟೇ: ಆ್ಯಪ್ 200 ವಾಟ್ ಕೇಳುತ್ತದೆ, ಟ್ರೈನರು ನಮ್ಮ ತುಳಿತದ ವೇಗ ನೋಡುತ್ತಾ ಕಾಂತದ ಬಲವನ್ನು ಮತ್ತೆ ಮತ್ತೆ ತಿದ್ದಿ 200ರಲ್ಲೇ ನಿಲ್ಲಿಸುತ್ತದೆ. ವಾಟ್ ಅಂದರೆ ಒತ್ತುವ ಬಲ ಮತ್ತು ತಿರುಗುವ ವೇಗ ಇವೆರಡರ ಗುಣಾಕಾರ. ಒಂದು ಇಳಿದರೆ ಇನ್ನೊಂದು ಏರಲೇಬೇಕು. 170 ಮಿಲಿಮೀಟರ್ ಉದ್ದದ ಕ್ರ್ಯಾಂಕಿನಲ್ಲಿ (ಪೆಡಲಿನ ತೋಳು) ನಿಮಿಷಕ್ಕೆ 90 ಸುತ್ತು ತುಳಿಯುತ್ತಿದ್ದರೆ 200 ವಾಟಿಗೆ ಪೆಡಲಿನ ಮೇಲೆ ಸರಾಸರಿ 13 ಕೆ.ಜಿ. ಭಾರದಷ್ಟು ಒತ್ತಡ ಸಾಕು. 60 ಸುತ್ತಿಗೆ ಇಳಿದರೆ 19 ಕೆ.ಜಿ. 45ಕ್ಕೆ ಇಳಿದರೆ 25 ಕೆ.ಜಿ. ದಾಟುತ್ತದೆ.

ಈ ಅಂಕಿಗಳ ಒಳಗೇ ಎರ್ಗ್ ಮೋಡಿನ ದೊಡ್ಡ ಅಪಾಯ ಇದೆ. ಹತ್ತು ನಿಮಿಷದ ಗಟ್ಟಿ ಇಂಟರ್ವಲ್, ಅಂದರೆ ಬಿಡದೆ ಜೋರಾಗಿ ತುಳಿಯಬೇಕಾದ ಅವಧಿ, ನಡೆಯುತ್ತಿದೆ, ಏಳನೇ ನಿಮಿಷ. ನೀರು ಕುಡಿಯಲು ಬಾಟಲಿಗೆ ಕೈ ಹಾಕುತ್ತೀರಿ, ತುಳಿತ 85ರಿಂದ 76ಕ್ಕೆ ಇಳಿಯುತ್ತದೆ. ಟ್ರೈನರಿಗೆ ನಿಮ್ಮ ಬಾಟಲಿ ಕಾಣಿಸುವುದಿಲ್ಲ, ಅದಕ್ಕೆ ಕಾಣಿಸುವುದು ಕಡಿಮೆಯಾದ ವಾಟ್ ಮಾತ್ರ. ಬ್ರೇಕ್ ಬಿಗಿ ಮಾಡುತ್ತದೆ. ಪೆಡಲು ಭಾರವಾಗುತ್ತದೆ, ತುಳಿತ 68. ಮತ್ತೆ ಬಿಗಿ, 59. ಈಗ ಪ್ರತಿ ಸುತ್ತಿನ ಮೇಲ್ತುದಿಯಲ್ಲಿ ಕಾಲು ನಿಂತೇ ಹೋದ ಹಾಗೆ ಅನ್ನಿಸುತ್ತದೆ, ಸೊಂಟ ಸೀಟಿನ ಮೇಲೆ ಆಚೀಚೆ ಸರಿಯುತ್ತದೆ, ಹ್ಯಾಂಡಲ್ ಎಳೆದು ಹಿಡಿಯುತ್ತೀರಿ, ಇನ್ನು ನಾಲ್ಕೈದು ಸೆಕೆಂಡಿನಲ್ಲಿ ಪೆಡಲು ಸಿಮೆಂಟಿನಲ್ಲಿ ಹೂತ ಹಾಗೆ ನಿಲ್ಲುತ್ತದೆ. ಸೈಕ್ಲಿಂಗ್‌ನವರ ಬಾಯಲ್ಲಿ ಇದು ಡೆತ್ ಸ್ಪೈರಲ್. ಕಾಲಿನಲ್ಲಿ ಶಕ್ತಿ ಮುಗಿದೇ ಹೋಗಿರಬೇಕು ಅಂತಿಲ್ಲ. ಎರಡು ಕ್ಷಣದ ಉದಾಸೀನ ಸಾಕು.

ತಪ್ಪಿಸುವ ದಾರಿ ಸುಲಭ. ಇಂಟರ್ವಲ್ ಶುರುವಾಗುವ ನಾಲ್ಕೈದು ಸೆಕೆಂಡು ಮೊದಲೇ ತುಳಿತವನ್ನು 90ರ ಮೇಲೆ ತನ್ನಿ. ಬಾಟಲಿ ಹಿಡಿಯುವ ಮೊದಲು ಒಂದೆರಡು ಸುತ್ತು ಜಾಸ್ತಿ ಮಾಡಿ. 70ರ ಕೆಳಗೆ ಬಿದ್ದರೆ ಹಟ ಮಾಡಬೇಡಿ. ತುಳಿಯುವುದು ನಿಲ್ಲಿಸಿ, ಬಹುಪಾಲು ಟ್ರೈನರುಗಳು ಬ್ರೇಕ್ ಸಡಿಲ ಬಿಟ್ಟು, ಮತ್ತೆ ತುಳಿದಾಗ ನಿಧಾನಕ್ಕೆ ಏರಿಸುತ್ತವೆ. ಗುರಿಯನ್ನು ನೂರಕ್ಕೆ ಐದರಷ್ಟು ಇಳಿಸಿ ಮುಂದುವರಿಸಿದರೆ ಆ ದಿನದ ಕೆಲಸ ಉಳಿಯುತ್ತದೆ.

ಎರ್ಗ್ ಮೋಡಿನಲ್ಲಿ ಗೇರ್ ಬದಲಿಸಿದರೆ ವಾಟ್ ಬದಲಾಗುವುದಿಲ್ಲ, ಹಾಗಾಗಿ ಯಾವ ಗೇರ್ ಆದರೇನು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ವ್ಯತ್ಯಾಸ ಇದೆ, ಅದೂ ಕೊಡಗಿನವರಿಗೆ ಮುಖ್ಯವಾದದ್ದು. ದೊಡ್ಡ ಚೈನ್‌ರಿಂಗಿನಲ್ಲಿ (ಪೆಡಲಿನ ಬಳಿಯ ಹಲ್ಲುಚಕ್ರ) ಫ್ಲೈವೀಲ್ ಜೋರಾಗಿ ಸುತ್ತುತ್ತದೆ. ಅದರಲ್ಲಿ ತುಂಬಿರುವ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ವೇಗ ಅರ್ಧವಾದರೆ ಶಕ್ತಿ ನಾಲ್ಕನೇ ಒಂದು. ಜೋರಾಗಿ ಸುತ್ತುವ ಫ್ಲೈವೀಲ್ ಪೆಡಲಿನ ಮೇಲ್ತುದಿ, ಕೆಳತುದಿಯ ಮಂದ ಜಾಗಗಳನ್ನು ತಾನೇ ದಾಟಿಸುತ್ತದೆ. ಮೈಸೂರು ಕಡೆಯ ಸಪಾಟು ರಸ್ತೆಯ ಅನುಭವ ಅದು. ಸಣ್ಣ ಚೈನ್‌ರಿಂಗಿಗೆ ಬಂದರೆ ಫ್ಲೈವೀಲಿನ ಸಹಾಯ ಹೋಗುತ್ತದೆ, ಸುತ್ತಿನ ಉದ್ದಕ್ಕೂ ನಾವೇ ಒತ್ತಬೇಕು, ಏರಿನಲ್ಲಿ ಆಗುವ ಹಾಗೆ. ತಲಕಾವೇರಿ ಏರಿಗೆ ತಯಾರಾಗುವವರು ಅದೇ 200 ವಾಟನ್ನು ಸಣ್ಣ ರಿಂಗಿನಲ್ಲಿ ತುಳಿಯುವುದು ಒಳ್ಳೆಯದು. ಇನ್ನೊಂದು ಲಾಭವೂ ಇದೆ. ದೊಡ್ಡ ಗೇರಿನಲ್ಲಿ ಫ್ಲೈವೀಲ್ ಓಡುವ ವೇಗಕ್ಕೆ ಕೆಲವು ಟ್ರೈನರುಗಳು ವಾಟನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲಾರವು, ಹಗುರದ ದಿನ ಹಗುರವಾಗಿಯೇ ಇರಬೇಕಾದರೆ ಸಣ್ಣ ಗೇರೇ ಸರಿ. ಆದರೆ ತೀರಾ ನಿಧಾನ ಸುತ್ತುವ ಫ್ಲೈವೀಲಿನ ಮೇಲೆ ಸುಳಿ ವಿದ್ಯುತ್ತೂ ಕಡಿಮೆ ಹುಟ್ಟುವುದರಿಂದ ದೊಡ್ಡ ವಾಟ್ ಅಲ್ಲಿ ಸಿಗುವುದಿಲ್ಲ. ನಡುವೆ ಎಲ್ಲೋ ಒಂದು ಗೇರ್ ನೋಡಿಕೊಳ್ಳಬೇಕು.

ಲೋಹ ಬಿಸಿಯಾದಾಗ ಅದರ ವಿದ್ಯುತ್ ರೋಧ ಏರುತ್ತದೆ, ಅಲ್ಯೂಮಿನಿಯಂ ಆದರೆ ಡಿಗ್ರಿಗೆ ನೂರಕ್ಕೆ 0.4ರಷ್ಟು. ಹಾಗಾಗಿ ಬ್ರೇಕಿನ ಹಿಡಿತ ಸ್ವಲ್ಪ ಬದಲಾಗುತ್ತದೆ. ಮಡಿಕೇರಿಯ ಚಳಿ ಬೆಳಗಿನಲ್ಲಿ ಹತ್ತು ನಿಮಿಷ ತುಳಿದು ಯಂತ್ರ ಬೆಚ್ಚಗಾದ ಮೇಲೆ ಕ್ಯಾಲಿಬ್ರೇಷನ್ (ವಾಟಿನ ಅಳತೆ ಸರಿಪಡಿಸುವುದು) ಮಾಡಿ.

ಇನ್ನು ಬೆವರಿನ ವಿಷಯ. ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ ಭೌತಶಾಸ್ತ್ರ ಇದೇ. ಮನುಷ್ಯನ ಸ್ನಾಯು ಊಟದ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೇ ಒಂದು ಭಾಗವನ್ನು ಪೆಡಲಿಗೆ ಕೊಡುತ್ತದೆ, ಉಳಿದದ್ದು ಶಾಖ. 200 ವಾಟ್ ತುಳಿಯುವಾಗ ಮೈಯಿಂದ 600ರಿಂದ 700 ವಾಟ್ ಶಾಖ ಹೊರಗೆ ಹೋಗಬೇಕು. ಬೆವರು ಆರಿಯೇ ಅಷ್ಟನ್ನೂ ಕಳೆಯಬೇಕಾದರೆ ಗಂಟೆಗೆ ಸುಮಾರು ಒಂದು ಲೀಟರ್ ಬೆವರು ಆರಬೇಕು. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ನಮ್ಮ ಮನೆಗಳಲ್ಲಿ ಒಗೆದ ಬಟ್ಟೆ ವಾರಗಟ್ಟಲೆ ಆರುವುದಿಲ್ಲ, ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ, ಹೊಗೆ ವಾಸನೆ ಹಿಡಿದ ಶರ್ಟೇ ಶಾಲೆಗೂ ಆಫೀಸಿಗೂ ಹೋಗುತ್ತದೆ. ಅಂಥ ಗಾಳಿಯಲ್ಲಿ ಬೆವರು ಆರುತ್ತದಾ?

ಆರುತ್ತದೆ, ಅದೂ ಮಂಗಳೂರಿಗಿಂತ ಚೆನ್ನಾಗಿ. ಬಟ್ಟೆ ಗಾಳಿಯಷ್ಟೇ ತಣ್ಣಗಿರುತ್ತದೆ, ನಮ್ಮ ಚರ್ಮ ಹಾಗಲ್ಲ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ನೀರಾವಿಯ ಒತ್ತಡ 5.6 ಕಿಲೋಪಾಸ್ಕಲ್. 20 ಡಿಗ್ರಿಯ ಗಾಳಿಯಲ್ಲಿ ತೇವ ನೂರಕ್ಕೆ ನೂರು ಇದ್ದರೂ ಒತ್ತಡ ಬರೀ 2.3. ವ್ಯತ್ಯಾಸ 3.3, ಆವಿ ಹೊರಡಲು ಧಾರಾಳ ದಾರಿ. ಮಂಗಳೂರಿನ 30 ಡಿಗ್ರಿ, ನೂರಕ್ಕೆ 80 ತೇವದ ಗಾಳಿಯಲ್ಲಿ ಒತ್ತಡ ಆಗಲೇ 3.4 ಇರುತ್ತದೆ, ವ್ಯತ್ಯಾಸ 2.2 ಮಾತ್ರ. ಹಾಗಾಗಿ "ಇಲ್ಲಿ ತೇವ ಜಾಸ್ತಿ, ಒಳಗೆ ತುಳಿಯಲು ಆಗಲ್ಲ" ಅನ್ನುವ ಮಾತು ತಪ್ಪು.

ಆದರೆ ಒಂದು ಷರತ್ತು. ಮಂಜು ಒಳಗೆ ಬರುತ್ತದೆ ಅಂತ ಕಿಟಕಿ ಎಲ್ಲಾ ಮುಚ್ಚಿ ತುಳಿದರೆ ಲೆಕ್ಕ ತಿರುಗಿಬೀಳುತ್ತದೆ. ಮೈಯ ಶಾಖ, ಬ್ರೇಕಿನ ಶಾಖ ಸೇರಿ ಕೋಣೆಯಲ್ಲಿ ಒಂದು ಸಣ್ಣ ಹೀಟರ್ ಉರಿದ ಹಾಗಾಗುತ್ತದೆ, ಜೊತೆಗೆ ಲೀಟರುಗಟ್ಟಲೆ ಆವಿ. ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ಹೋಗುವಾಗ ಆ ಆವಿಯನ್ನು ಗಾಳಿಯೇ ಗುಡಿಸಿ ಹಾಕುತ್ತದೆ, ಕೋಣೆಯಲ್ಲಿ ಆ ಕೆಲಸ ಫ್ಯಾನ್ ಮಾಡಬೇಕು. ಎದೆಗೆ ನೇರವಾಗಿ ಒಂದು ಟೇಬಲ್ ಫ್ಯಾನ್, ಒಂದು ಕಿಟಕಿ ಅರ್ಧ ತೆರೆದು. ಪರಿಣಾಮ ನೋಡಬೇಕಿದ್ದರೆ ಎರ್ಗ್ ಮೋಡೇ ಒಳ್ಳೆಯ ಪ್ರಯೋಗಾಲಯ. ಒಂದು ದಿನ 150 ವಾಟಿಗೆ ಇಟ್ಟು ಫ್ಯಾನ್ ಹಾಕಿ, ಇನ್ನೊಂದು ದಿನ ಫ್ಯಾನ್ ಇಲ್ಲದೆ ನಲವತ್ತು ನಿಮಿಷ ತುಳಿದು ಹೃದಯ ಬಡಿತ ಹೋಲಿಸಿ. ಕೆಲಸ ಒಂದೇ ಇರುವುದರಿಂದ ಬಡಿತ ಹೇಗೆ ಮೇಲೆ ಹೋಗುತ್ತದೆ ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಿಂದ ರಕ್ತದ ನೀರೂ ಕಡಿಮೆಯಾಗುತ್ತದೆ, ಹೃದಯ ಅದನ್ನು ಬಡಿತ ಏರಿಸಿ ಸರಿದೂಗಿಸುತ್ತದೆ. ರಸ್ತೆಯ ಏರಿಳಿತದಲ್ಲಿ ಇದನ್ನು ಬೇರ್ಪಡಿಸಿ ನೋಡಲು ಬಹಳ ಕಷ್ಟ.

ಕರೆಂಟ್ ಹೋಗುವುದು ನಮ್ಮ ಮಳೆಗಾಲದ ಮಾಮೂಲು. ಕಾಂತಕ್ಕೆ ವಿದ್ಯುತ್ ನಿಂತ ಕೂಡಲೇ ಪೆಡಲು ಸಡಿಲಾಗಿ ಕಾಲು ಗಿರಗಿರ ತಿರುಗುತ್ತದೆ, ನಿಂತು ತುಳಿಯುತ್ತಿದ್ದರೆ ಬೀಳುವ ಸಾಧ್ಯತೆಯೂ ಇದೆ. ಟ್ರೈನರು ಎಳೆಯುವ ವಿದ್ಯುತ್ ಕಡಿಮೆಯೇ, ಮನೆಯ ಇನ್ವರ್ಟರಿಗೆ ಫ್ಯಾನ್ ಜೊತೆ ಅದನ್ನೂ ಸೇರಿಸಬಹುದು. ಟ್ಯಾಕ್ಸ್ ನಿಯೋ ತರಹದ ಕೆಲವು ಮಾದರಿಗಳು ತುಳಿತದಿಂದಲೇ ತಮಗೆ ಬೇಕಾದ ವಿದ್ಯುತ್ ಮಾಡಿಕೊಳ್ಳುತ್ತವೆ.

ಎಲ್ಲ ಕೆಲಸಕ್ಕೂ ಎರ್ಗ್ ಮೋಡ್ ಬೇಡ. ಗುರಿಯ ವಾಟಿಗೆ ಬರಲು ಅದಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ, ಹದಿನೈದು ಸೆಕೆಂಡಿನ ಸ್ಪ್ರಿಂಟಿನಲ್ಲಿ ಮೂರನೇ ಒಂದು ಭಾಗ ಅದರಲ್ಲೇ ಹೋದರೆ ಏನು ಪ್ರಯೋಜನ? ಕೊಡಗಿನಲ್ಲಿ ಹಾಕಿ ಆಡುವ ಹುಡುಗರು ಹುಡುಗಿಯರು ಮಳೆಗಾಲದಲ್ಲಿ ಟ್ರೈನರ್ ಹತ್ತುವುದಾದರೆ ಇದನ್ನು ಗಮನಿಸಬೇಕು. ಅವರ ಆಟಕ್ಕೆ ಬೇಕಾದ ಚುರುಕಿನ ಓಟಗಳಿಗೆ ಎರ್ಗ್ ಬಿಟ್ಟು ಸಾದಾ ರೆಸಿಸ್ಟೆನ್ಸ್ ಮೋಡ್ ಹಾಕಿ, ಗೇರ್ ಬದಲಿಸಿ, ಆದಷ್ಟು ಜೋರಾಗಿ ತುಳಿಯಬೇಕು. ಮಿತಿಯನ್ನು ಯಂತ್ರ ಹಾಕಬಾರದು. ಎಫ್‌ಟಿಪಿ (ಸುಮಾರು ಒಂದು ಗಂಟೆ ಸತತವಾಗಿ ತುಳಿಯಬಲ್ಲ ವಾಟ್) ಅಳೆಯುವ 20 ನಿಮಿಷದ ಪರೀಕ್ಷೆಗೂ ಅಷ್ಟೇ, ಎಷ್ಟು ಆಗುತ್ತದೆ ಅಂತ ಗೊತ್ತಿಲ್ಲದೆ ಪರೀಕ್ಷೆ ಮಾಡುತ್ತಿರುವಾಗ ಅಂಕಿಯನ್ನು ಮೊದಲೇ ಕಟ್ಟಿಹಾಕುವುದು ಹೇಗೆ? ಆ 20 ನಿಮಿಷದ ಸರಾಸರಿಯ ನೂರಕ್ಕೆ 95ನ್ನು ಎಫ್‌ಟಿಪಿ ಅಂತ ಹಿಡಿಯುವುದು ರೂಢಿ. ರ್‍ಯಾಂಪ್ ಪರೀಕ್ಷೆ ಮಾತ್ರ ಎರ್ಗ್ ಮೋಡಿನಲ್ಲೇ ನಡೆಯುತ್ತದೆ. ನಿಮಿಷಕ್ಕೊಮ್ಮೆ ವಾಟ್ ಏರುತ್ತಾ ಹೋಗಿ ಕಾಲು ನಿಂತಲ್ಲಿಗೆ ಮುಗಿಯಿತು, ಕೊನೆಯ ನಿಮಿಷದ ನೂರಕ್ಕೆ 75ನ್ನು ತೆಗೆದುಕೊಳ್ಳುತ್ತಾರೆ. ಸ್ಪ್ರಿಂಟ್ ಚೆನ್ನಾಗಿರುವವರಿಗೆ ಈ ಲೆಕ್ಕ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಆಮೇಲೆ ಆ ಜಾಸ್ತಿ ಅಂಕಿಯ ಮೇಲೆ ಎರ್ಗ್ ಹಾಕಿದರೆ ಪ್ರತಿ ಇಂಟರ್ವಲ್ಲೂ ಮುಗಿಸಲಾಗದೆ ಹೋಗುತ್ತದೆ. ಅಂಥವರು ಎಫ್‌ಟಿಪಿಯನ್ನು ಐದು ವಾಟ್ ಇಳಿಸಿ, ಒಂದು ವಾರ ತುಳಿದು, ಬೇಕಾದರೆ ಇನ್ನೂ ಐದು ಇಳಿಸಿ ನೋಡಲಿ.